ಪ್ರತಿ: ಲಸಿಕೆ ನೆನಪಿಸುವ ಆ್ಯಪ್ ಮಾಡೋಣವೇ?
ಮಕ್ಕಳ ಲಸಿಕೆ ತಪ್ಪುತ್ತಿದೆ, ನಮ್ಮ ತಂಡ ನೆನಪಿಸುವ ಆ್ಯಪ್ ಮಾಡಬಹುದಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ. ಮರೆವೇ ಕಾರಣ ಅಂತ ಹೇಳಿದವರು ಯಾರು?

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ವಿದ್ಯಾರ್ಥಿ ತಂಡವೊಂದು ಹಸುಗೂಸುಗಳನ್ನು ಬೆಚ್ಚಗಿಡುವ ಅಗ್ಗದ ಇನ್‌ಕ್ಯುಬೇಟರ್ ಮಾಡಲು ಹೊರಟಿತ್ತು. ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು! ದಿನ ತುಂಬದೆ ಹುಟ್ಟಿದ ಎಷ್ಟೋ ಮಕ್ಕಳು ದೂರದ ಹಳ್ಳಿಗಳಲ್ಲಿದ್ದರು. ಅಲ್ಲಿ ಕರೆಂಟನ್ನು ನೆಚ್ಚುವ ಹಾಗಿರಲಿಲ್ಲ. ಕೊನೆಗೆ ಮಾಡಿದ್ದು ಮಗು ಮಲಗುವ ಪುಟ್ಟ ಚೀಲ. ಒಳಗಿನ ಮೇಣದಂಥ ವಸ್ತುವನ್ನು ಒಮ್ಮೆ ಕಾಯಿಸಿದರೆ ಗಂಟೆಗಟ್ಟಲೆ 37 ಡಿಗ್ರಿಯ ಆಸುಪಾಸು ಬಿಸಿ ಉಳಿಯುತ್ತದೆ.

ನೀವೂ ಮೊದಲು ಲಸಿಕೆ ದಿನ ಸುಮ್ನೆ ಹೋಗಿ ಕೂತು ನೋಡಿ. ತುಂಬಾ ಹೊತ್ತು ಕಾಯಿಸುತ್ತಾರಾ? ಅಪ್ಪ-ಅಮ್ಮನ ಆ ದಿನದ ಕೂಲಿ ಹೋಗುತ್ತಾ? "ಯಾಕೆ ಬರಲಿಲ್ಲ" ಅಂತ ಕೇಳಿದರೆ ತಪ್ಪು ಹಿಡಿದ ಹಾಗಾಗುತ್ತದೆ, ಅಲ್ವಾ? "ಹೋದ ಸಲ ಬಂದಾಗ ಏನೇನಾಯ್ತು" ಅಂತ ಕೇಳಿ. ನರ್ಸ್‌ಗಳನ್ನೂ ಮಾತಾಡಿಸಿ, ಅವರಿಗೆ ಜಾಸ್ತಿ ಗೊತ್ತಿರುತ್ತದೆ.