ಓದುಗರ ಪ್ರಶ್ನೆಗೆ ಉತ್ತರ: ಹೊಳೆಮೀನಿನ ಅಧ್ಯಯನಕ್ಕೆ ಇಳಿಯುವವರಿಗೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ನಮ್ಮೂರು ಹೊಳೆಯ ದಂಡೆಯಲ್ಲೇ ಇದೆ. ಸಿಹಿನೀರಿನ ಮೀನುಗಳ ಬಗ್ಗೆ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ಮನೆಯಲ್ಲಿ ‘ಮೀನು ಹಿಡಿಯುವುದಕ್ಕೂ ಡಾಕ್ಟರೇಟು ಬೇಕೆ? ಬಿ.ಎಡ್. ಮಾಡು’ ಎನ್ನುತ್ತಾರೆ. ಇದರಲ್ಲಿ ಬದುಕಿಗೆ ದಾರಿಯಿದೆಯೆ?
— ವಿದ್ಯಾರ್ಥಿನಿ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ದಾರಿಯಿದೆ, ಆದರೆ ಅದು ನಿಧಾನದ ದಾರಿ. ಈ ಮಾತನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಿಯುಸಿ ಮುಗಿದ ಕೂಡಲೇ ಮಂಗಳೂರಿನ ಮೀನುಗಾರಿಕಾ ಕಾಲೇಜು ಸೇರಿದವರು ನಾಲ್ಕು ವರ್ಷಗಳ ಬಿ.ಎಫ್.ಎಸ್ಸಿ., ಅನಂತರ ಎಂ.ಎಫ್.ಎಸ್ಸಿ. ಎಂದು ಒಂದು ನೇರ ದಾರಿಯಲ್ಲಿ ಸಾಗುತ್ತಾರೆ. ನೀವು ಪ್ರಾಣಿಶಾಸ್ತ್ರದ ಬಾಗಿಲಿನಿಂದ ಒಳಗೆ ಬಂದಿರುವುದರಿಂದ ಮಾನಸಗಂಗೋತ್ರಿಯಲ್ಲೋ ಬೇರೆ ವಿಶ್ವವಿದ್ಯಾನಿಲಯದಲ್ಲೋ ಎಂ.ಎಸ್ಸಿ. ಮಾಡಿ, ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತಿನ (ಸಿ.ಎಸ್.ಐ.ಆರ್.) ನೆಟ್ ಎಂಬ ಅರ್ಹತಾ ಪರೀಕ್ಷೆ ಬರೆದು, ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕಿಕೊಳ್ಳಬೇಕು. ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಈ ಅಂಕಿಯನ್ನು ನಿಮ್ಮ ತಂದೆಯವರಿಗೆ ತಪ್ಪದೆ ತಿಳಿಸಿ. ಪಿಎಚ್.ಡಿ. ಮುಗಿದ ಮೇಲೆ ಕಾಲೇಜು ಇಲ್ಲವೆ ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆ, 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆ, ಬಂಗಾಳದ ಬ್ಯಾರಕ್‌ಪುರದಲ್ಲಿರುವ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ಇವೆಲ್ಲ ನಿಮ್ಮ ಮುಂದಿರುತ್ತವೆ. ಇವುಗಳಲ್ಲಿ ಕೊನೆಯ ಎರಡನ್ನು ನಡೆಸುವ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿ ಹುದ್ದೆಗಳಲ್ಲಿ ಪ್ರತಿಯೊಂದು ವಿಭಾಗಕ್ಕೂ ಯಾವ ಸ್ನಾತಕೋತ್ತರ ಪದವಿ ಸಲ್ಲುತ್ತದೆ ಎಂಬ ನಿಯಮವಿರುತ್ತದೆ. ಅದನ್ನು ಪ್ರಕಟಣೆಯಲ್ಲೇ ಓದಿಕೊಂಡು ಎಂ.ಎಸ್ಸಿ.ಯ ವಿಶೇಷ ವಿಷಯವನ್ನು ಆರಿಸಿ.

ಪಿಎಚ್.ಡಿ.ಗೂ ಕಾಯಂ ನೌಕರಿಗೂ ನಡುವೆ ಕೆಲವು ವರ್ಷ ಯೋಜನೆಯಿಂದ ಯೋಜನೆಗೆ ಹಾರುತ್ತ ಕಳೆಯಬೇಕಾಗಬಹುದು. ಅನೇಕರು ಕೈಬಿಡುವುದು ಅಲ್ಲಿಯೇ. ಬಿ.ಎಡ್. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ವರ್ಷಗಳನ್ನು ತಾಳಿಕೊಳ್ಳುವ ಶಕ್ತಿ ನಿಮಗಿದೆಯೆ ಎಂಬುದನ್ನು ಈ ಬೇಸಿಗೆ ರಜೆಯಲ್ಲೇ ಪರೀಕ್ಷಿಸಿಕೊಳ್ಳಿ. ಬೆಳಗಿನ ಐದು ಗಂಟೆಗೆ ಹರಿಗೋಲಿನವರು ಬಲೆ ಎತ್ತುವ ಕಡೆಗೆ ಹೋಗಿ, ಬಂದ ಮೀನನ್ನೆಲ್ಲ ಜಾತಿವಾರು ಎಣಿಸಿ, ಅಳೆದು, ಒಂದು ತಿಂಗಳು ಬಿಡದೆ ಬರೆದಿಡಿ. ತಿಂಗಳ ಕೊನೆಗೂ ಬೇಸರ ಬರದಿದ್ದರೆ ಈ ವಿದ್ಯೆ ನಿಮ್ಮದು.

ಪ್ರಶ್ನೆ: ಕಾವೇರಿಯ ಮೀನುಗಳನ್ನೆಲ್ಲ ಬ್ರಿಟಿಷರ ಕಾಲದಲ್ಲೇ ಗುರುತಿಸಿ ಹೆಸರಿಟ್ಟಾಗಿದೆಯಲ್ಲ? ಇನ್ನು ಪ್ರಾಧ್ಯಾಪಕರಾಗಿ ಸಂಶೋಧಿಸುವುದಕ್ಕೆ ಏನು ಉಳಿದಿದೆ?
— ನಿವೃತ್ತ ಶಿಕ್ಷಕರು, ಮಳವಳ್ಳಿ

ಉತ್ತರ: ತಾವು ಮಳವಳ್ಳಿಯವರಾದುದರಿಂದ ತಮ್ಮ ತಾಲ್ಲೂಕಿನ ಮೀನಿನಿಂದಲೇ ಉತ್ತರ ಹೇಳುತ್ತೇನೆ. ಮುತ್ತತ್ತಿ, ಭೀಮೇಶ್ವರಿಯ ಮಡುಗಳಲ್ಲಿ ಬೆನ್ನು ಡುಬ್ಬಾಗಿ ಎದ್ದಿರುವ ದೊಡ್ಡ ಬಿಳಿಮೀನನ್ನು, ಅಂದರೆ ಮಹಶೀರನ್ನು, ನಮ್ಮ ಬೆಸ್ತರು ತಲೆಮಾರುಗಳಿಂದ ಬಲ್ಲರು. ಇಂಗ್ಲಿಷರ ಗಾಳದ ಬರಹಗಳಲ್ಲಿ 1873ರಷ್ಟು ಹಿಂದೆಯೇ ಅದರ ಪ್ರಸ್ತಾಪವಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಇಷ್ಟು ದೊಡ್ಡ, ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ! ಅಲ್ಲಿಯವರೆಗೆ ಕರ್ನಲ್ ಸೈಕ್ಸ್ 1839ರಲ್ಲಿ ದಖ್ಖನಿನ ಬೇರೊಂದು ಮೀನಿಗೆ ಇಟ್ಟಿದ್ದ ‘ಮುಸುಲ್ಲ’ ಎಂಬ ಹೆಸರನ್ನು ಇದಕ್ಕೂ ಅಂಟಿಸಿಕೊಂಡು ಬರಲಾಗಿತ್ತು. ಕಾವೇರಿಯ ಉಪನದಿಗಳಾದ ಮೋಯಾರ್ ಮತ್ತು ಪಾಂಬಾರ್ ಕಡೆಯ ಮೀನುಗಳ ದೇಹರಚನೆಯನ್ನೂ ಡಿ.ಎನ್.ಎ.ಯನ್ನೂ ಹೋಲಿಸಿ ನೋಡಿದ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು, ಕೇರಳದ ವಿಜ್ಞಾನಿಗಳು ಪಾಂಬಾರಿನ ಮೀನುಗಳಿಗೆ ಅದಕ್ಕೂ ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಈ ಡುಬ್ಬದ ಮಹಶೀರಿಗೂ ಸಲ್ಲಬೇಕೆಂದು ತೋರಿಸಿಕೊಟ್ಟರು. ಅದೇ ವರ್ಷ ಆ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಹೆಸರು ತಪ್ಪಿದ್ದರೆ ಏನು ನಷ್ಟ ಎಂದು ತಾವು ಕೇಳಬಹುದು. ಮಹಶೀರ್ ಸಂತತಿ ಕ್ಷೀಣಿಸುತ್ತಿದೆಯೆಂದು 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಅನೇಕ ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಅವು ಬಂದವು. ಉದ್ದೇಶ ಒಳ್ಳೆಯದೇ, ಆದರೆ ಅದು ಈ ಹೊಳೆಯ ಮೀನಲ್ಲ. ಕಾವೇರಿ ದಂಡೆಯ ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟಿದ್ದ ಲೆಕ್ಕಗಳನ್ನು ಮುಂದೆ ವಿಜ್ಞಾನಿಗಳು ಪರಿಶೀಲಿಸಿದಾಗ ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಏರುತ್ತಲೂ ಡುಬ್ಬದವು ಇಳಿಯುತ್ತಲೂ ಹೋಗಿದ್ದವು. ಸಿಡಿಮದ್ದು ಹಾಕಿ ಹಿಡಿಯುವುದು, ಅಣೆಕಟ್ಟು, ಬೇಸಿಗೆಯಲ್ಲಿ ಬತ್ತುವ ನೀರು ಇವುಗಳ ಪಾಲೂ ಇದರಲ್ಲಿದೆ. ಆದರೂ ‘ಮಹಶೀರ್ ಎಂದರೆ ಎಲ್ಲವೂ ಒಂದೇ’ ಎಂಬ ಭಾವನೆಯಿಂದ ಆದ ಹಾನಿಯನ್ನು ನಾನು ಸಣ್ಣದೆಂದು ಎಣಿಸಲಾರೆ. ಜಾತಿಯನ್ನು ಗುರುತಿಸಬಲ್ಲ ಒಬ್ಬ ಪ್ರಾಧ್ಯಾಪಕನಿಗೆ ಹೊಳೆಯೊಂದು ಕೊಡುವ ಕೆಲಸ ಇದು.

ನಮ್ಮ ಸೀಮೆಗೆ ಇದು ಹೊಸ ವಿದ್ಯೆಯೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಮೈಸೂರು ಸಂಸ್ಥಾನದ ಗೆಂಡೆ ಜಾತಿಯ ಹೊಸ ಮೀನುಗಳ ಕುರಿತು 1920ರಲ್ಲೇ ಬರೆದಿದ್ದರು. ಬಿ. ಎಸ್. ಭೀಮಾಚಾರ್ ಅವರು ಸುಬ್ಬರಾವ್ ಅವರೊಡನೆ ಕಡೂರು (ಇಂದಿನ ಚಿಕ್ಕಮಗಳೂರು) ಜಿಲ್ಲೆಯ ಮೀನುಗಳ ವಿವರವನ್ನು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಪ್ರಕಟಿಸಿ, ಮುಂದೆ ಬ್ಯಾರಕ್‌ಪುರದ ಸಂಸ್ಥೆಗೇ ನಿರ್ದೇಶಕರಾದರು.

ಪ್ರಶ್ನೆ: ಇಂಥ ಸಂಶೋಧನೆಯಿಂದ ರೈತನಿಗೆ ಏನು ಸಿಕ್ಕಿದೆ?
— ಮೀನು ಕೃಷಿಕರು, ಮದ್ದೂರು

ಉತ್ತರ: ನಿಮ್ಮ ಕೊಳದ ಕಾಟ್ಲಾ, ರೋಹು ಮರಿಗಳೇ ಸಿಕ್ಕಿವೆ. ಈ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲವಾದ್ದರಿಂದ ಹಿಂದೆ ಮಳೆಗಾಲದ ನದಿಯಿಂದ ಮರಿಗಳನ್ನು ಸೋಸಿ ತರಬೇಕಿತ್ತು. ಅದರೊಳಗೆ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಬಲಿತ ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದು, ಅರೆದು, ಅದರ ಸಾರವನ್ನು ತಾಯಿಮೀನಿಗೆ ಚುಚ್ಚಿ, 1957ರ ಜುಲೈ 10ರಂದು ಒಡಿಶಾದಲ್ಲಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಪ್ರತಿ ವರ್ಷ ಜುಲೈ 10ರಂದು ಮೀನು ಕೃಷಿಕರ ದಿನ ಆಚರಿಸುವುದು ಈ ಕಾರಣಕ್ಕೆ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಕಷ್ಟವೆ?
— ಓದುಗರು, ಪಾಂಡವಪುರ

ಉತ್ತರ: ಪ್ರಬಂಧ ಬರೆಯಲು ಇಂಗ್ಲಿಷ್ ಕಲಿಯಲೇಬೇಕು. ಆದರೆ ಬೆಸ್ತರೊಡನೆ ಕುಳಿತು ಯಾವ ಮೀನು ಯಾವ ತಿಂಗಳಲ್ಲಿ ಹೊಳೆ ಏರುತ್ತದೆಂದು ಕೇಳಿ ತಿಳಿಯುವುದಕ್ಕೆ ಕನ್ನಡವೇ ಬೇಕು. ಅದು ನಿಮಗಿರುವ ಅನುಕೂಲ.

ಪ್ರಶ್ನೆ: ಅಪರೂಪದ ಚಿಕ್ಕ ಮೀನೊಂದು ಬಲೆಯಲ್ಲಿ ಸತ್ತು ಬಂದರೆ ಅಧ್ಯಯನಕ್ಕೆ ಹೇಗೆ ಕಾಪಿಡಬೇಕು?
— ಎಂ.ಎಸ್ಸಿ. ವಿದ್ಯಾರ್ಥಿ, ಮಂಡ್ಯ

ಉತ್ತರ: ಮೊದಲು ಚಿತ್ರ ತೆಗೆಯಿರಿ, ಏಕೆಂದರೆ ಬಣ್ಣ ಗಂಟೆಗಳಲ್ಲೇ ಮಾಸುತ್ತದೆ. ಮೀನಿನ ತಲೆ ಎಡಕ್ಕೆ ಬರುವಂತೆ ಮಲಗಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಡಿ.ಎನ್.ಎ. ಪರೀಕ್ಷೆಗೆ ಬಲಪಕ್ಕದ ರೆಕ್ಕೆಯ ಚೂರೊಂದನ್ನು ಕತ್ತರಿಸಿ ಆಲ್ಕೊಹಾಲಿನಲ್ಲಿ ಹಾಕಿ. ಮೀನು ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣ ಸೋಕಿದರೆ ಡಿ.ಎನ್.ಎ. ಕೆಡುತ್ತದೆ. ಅಳತೆಯನ್ನೂ ಹುರುಪೆಗಳ ಎಣಿಕೆಯನ್ನೂ ಎಡಪಕ್ಕದಲ್ಲಿ ಮಾಡುವುದು ರೂಢಿಯಾದ್ದರಿಂದ ಆ ಪಕ್ಕವನ್ನು ಮುಟ್ಟಬೇಡಿ. ಆಮೇಲೆ ಮೀನನ್ನು ಶೇಕಡ 10ರ ಫಾರ್ಮಲಿನ್‌ನಲ್ಲಿಡಿ. ಊರು, ಹೊಳೆ, ದಿನಾಂಕ, ಬಲೆಯ ಬಗೆ, ಬೆಸ್ತರು ಹೇಳಿದ ಹೆಸರು ಇಷ್ಟನ್ನೂ ಗಟ್ಟಿ ಕಾಗದದ ಚೀಟಿಯಲ್ಲಿ ಬರೆದು ಜಾಡಿಯ ಒಳಗೇ ಹಾಕಿ. ಪೆನ್ನು ಬೇಡ, ಪೆನ್ಸಿಲ್‌ನಲ್ಲೇ ಬರೆಯಿರಿ. ನಾನು ವಿದ್ಯಾರ್ಥಿಯಾಗಿದ್ದಾಗ ಶಾಯಿಯಲ್ಲಿ ಬರೆದ ಚೀಟಿಯೊಂದು ವಾರದೊಳಗೆ ಬಿಳಿಯ ಕಾಗದವಾಗಿತ್ತು. ಜಾಡಿಯಲ್ಲಿದ್ದ ಆ ಪುಟ್ಟ ಗೆಂಡೆ ಯಾವ ತೊರೆಯದೆಂದು ಇಂದಿಗೂ ಹೇಳಲಾರೆ.