ಕಡಲತೀರದ ರಾಷ್ಟ್ರೀಯ ಉದ್ಯಾನದಲ್ಲಿ ಗುಣಮಟ್ಟದ ಪರಿಸರ ಪ್ರವಾಸೋದ್ಯಮವನ್ನು ಬೆಳೆಸುವುದು ಹೇಗೆ?

ಮೊದಲು ಒಳಗೆ ಬರುವವರ ಸಂಖ್ಯೆಗೆ ಮಿತಿ ಹಾಕಬೇಕು. ಉಳಿದದ್ದೆಲ್ಲ ಆಮೇಲಿನ ಮಾತು. ಕೋಸ್ಟರಿಕಾದಲ್ಲಿ 1972ರಲ್ಲಿ ಸ್ಥಾಪನೆಯಾದ ಮ್ಯಾನುಯೆಲ್ ಆಂಟೋನಿಯೊ ಉದ್ಯಾನದಲ್ಲಿ ದಿನಕ್ಕೆ ಇಂತಿಷ್ಟೇ ಜನರಿಗೆ ಟಿಕೆಟ್ ನೀಡಿ, ಮಂಗಳವಾರ ಬಾಗಿಲು ಮುಚ್ಚಿ ಕಾಡಿಗೆ ಬಿಡುವು ಕೊಡುತ್ತಾರೆ. ಕೋತಿಗಳು ತಿಂಡಿಯ ಪೊಟ್ಟಣಕ್ಕೆ ಕೈಹಾಕುವುದನ್ನು ಕಲಿತರೆ ಬಿಡಿಸುವುದು ಕಷ್ಟವಾದ್ದರಿಂದ ಚೀಲಗಳ ತಪಾಸಣೆ ಬಾಗಿಲಲ್ಲೇ ನಡೆಯಬೇಕು.

ಆಮೇಲೆ ಮುಖ್ಯವಾದುದು ಸ್ಥಳೀಯರ ಪಾಲು. ನಮ್ಮ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆಯ ವಾಸನೆಯನ್ನು ಸಹಿಸಿಕೊಂಡು ಅವನ್ನು ಕಾಯುವವರು ಊರಿನವರೇ. ಕರಾವಳಿಯಲ್ಲಿಯೂ ಮೀನುಗಾರರ ಮಕ್ಕಳಿಗೆ ಮಾರ್ಗದರ್ಶಿ ತರಬೇತಿ ನೀಡಿ, ಟಿಕೆಟ್ ಹಣದ ಒಂದು ಭಾಗವನ್ನು ಅವರ ಊರಿಗೇ ತಲುಪಿಸಬೇಕು.