ನಿಮ್ಮ ರೂಟಿನ ಕಥೆ ಬರೆಯುವವರು ಯಾರು?

“ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾಗಿದ್ದೇನೆ. ಜಾಸ್ತಿ ಸರ್ವಿಸ್ ಶಿರಸಿ–ಕುಮಟಾ ರೂಟಿನಲ್ಲೇ ಕಳೆಯಿತು. ನೆನಪುಗಳನ್ನು ಬರೆದಿಡಿ ಎಂದು ಮಗಳು ಒತ್ತಾಯ ಮಾಡುತ್ತಾಳೆ. ನಾನೇನು ಸಾಹಿತಿಯೇ? ಓದುವವರು ಯಾರು?”
– ಓದುಗರೊಬ್ಬರು, ಶಿರಸಿ

ಮಗಳ ಮಾತು ಕೇಳಿ ಸ್ವಾಮಿ. ಇವತ್ತೇ ಒಂದು ನೋಟ್‌ಬುಕ್ ತನ್ನಿ.

ಬರೆದದ್ದೆಲ್ಲ ಅಚ್ಚಾಗಬೇಕಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ‘ನಾನೇನು ಸಾಹಿತಿಯೇ’ ಎಂಬ ಮಾತನ್ನು ಒಪ್ಪಲಾರೆ. ಪುದುಚೇರಿಯ ಆನಂದರಂಗ ಪಿಳ್ಳೈ ವ್ಯಾಪಾರಿ. ಫ್ರೆಂಚ್ ಗವರ್ನರ್ ಡ್ಯೂಪ್ಲೆಗೆ ದುಭಾಷಿಯಾಗಿದ್ದವರು. 1736ರಿಂದ 1761ರಲ್ಲಿ ತೀರಿಕೊಳ್ಳುವವರೆಗೂ ತಮಿಳಿನಲ್ಲಿ ದಿನಚರಿ ಬರೆದರು. ಯಾವ ಹಡಗು ಬಂತು, ಊರಲ್ಲಿ ಏನು ಸುದ್ದಿ, ಎಲ್ಲ ಅದರಲ್ಲಿದೆ. ಮುಂದೆ ಮದ್ರಾಸ್ ಸರ್ಕಾರ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ 12 ಸಂಪುಟಗಳಲ್ಲಿ ತಂದಿತು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ನೌಕಾಪಡೆಯ ಕಚೇರಿಯಲ್ಲಿದ್ದವರು. 1666ರಲ್ಲಿ ಊರಿಗೆ ಬೆಂಕಿ ಬಿದ್ದಾಗ ತೋಟದಲ್ಲಿ ಗುಂಡಿ ತೋಡಿ ವೈನ್ ಮತ್ತು ಪಾರ್ಮೆಸಾನ್ ಚೀಸ್ ಹೂತಿಟ್ಟೆ ಎಂದು ಬರೆದಿದ್ದಾರೆ. ಎಷ್ಟು ಮನೆ ಸುಟ್ಟವು ಎಂದು ಬೇರೆ ಯಾರಾದರೂ ಹೇಳಿಯಾರು. ಚೀಸ್ ಹೂತಿಟ್ಟ ವಿಷಯವನ್ನು ಪೀಪ್ಸ್ ಅವರೇ ಹೇಳಬೇಕಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ದಿನಾ ತುಂಬಿದ ವೇ ಬಿಲ್‌ನಲ್ಲಿ ಟಿಕೆಟ್ಟಿನ ಲೆಕ್ಕ, ದುಡ್ಡಿನ ಲೆಕ್ಕ ಅಷ್ಟೇ ಉಳಿದಿರುತ್ತದೆ. ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆಗಾಗಿ ಜಗಳ ತೆಗೆದವರು, ಅದನ್ನು ಮರೆತು ಇಳಿದುಹೋದವರು ಅಲ್ಲಿಲ್ಲ. ದೇವಿಮನೆ ಘಟ್ಟದಲ್ಲಿ ಮಳೆಗಾಲದ ರಾತ್ರಿ ಬಸ್ಸು ಕೆಟ್ಟು ನಿಂತಾಗ ಒಳಗೆ ಕೂತವರು ಏನು ಮಾತಾಡುತ್ತಿದ್ದರು? ಪೇಟೆಯಿಂದ ಔಷಧಿ ತಂದುಕೊಡಿ ಎಂದು ಚೀಟಿ ಕೊಟ್ಟವರು, ನೈಟ್ ಹಾಲ್ಟ್ ಊರಲ್ಲಿ ಕರೆದು ಊಟ ಹಾಕಿದವರು, ಕಾಲೇಜಿಗೆಂದು ಮೊದಲ ಸಲ ಊರು ಬಿಟ್ಟ ಹುಡುಗಿಯರು, ಇವರನ್ನೆಲ್ಲ ದಿನಾ ಕಂಡವರು ನೀವು. ಅವರನ್ನು ಹುಡುಕಿಕೊಂಡು ಡಿಪೋದ ಕಡತ ತೆರೆದರೆ ಏನೂ ಸಿಗದು.

ನನಗೆ ಸಿಟ್ಟು ಬರುವುದು ಇಲ್ಲೇ. ದೊಡ್ಡವರಿಗೆ ಷಷ್ಟ್ಯಬ್ದಿ ಆದರೆ ಸಾಕು, ದಪ್ಪನೆಯ ಅಭಿನಂದನ ಗ್ರಂಥ ಬರುತ್ತದೆ. ನರ್ಸ್, ಲೈನ್‌ಮನ್, ಪೋಸ್ಟ್‌ಮನ್ ಕಂಡ ಊರು ಅವರ ಜೊತೆಗೇ ಹೋಗಿಬಿಡುತ್ತದೆ. ಅಜ್ಜನ ಲೆಕ್ಕದ ಪುಸ್ತಕ, ಅಜ್ಜಿಯ ಕಾಗದಗಳನ್ನು ಮನೆ ಖಾಲಿ ಮಾಡುವಾಗ ರದ್ದಿಗೆ ಹಾಕುತ್ತೇವೆ. ತಾಲ್ಲೂಕು ಗ್ರಂಥಾಲಯದಲ್ಲಿ ಇಂಥ ಕೈಬರಹಕ್ಕೆ ಒಂದು ಕಪಾಟು ಬಿಡಲು ಎಷ್ಟು ಖರ್ಚಾದೀತು? ಇನ್ನು ನಮ್ಮ ಕಥೆ ನೋಡಿ. ಬೆಳಗಾದರೆ ಯಾರೋ ಮಾಡಿದ ಶುಭೋದಯವನ್ನು ಹತ್ತು ಗುಂಪಿಗೆ ಸುಮ್ನೆ ಫಾರ್ವರ್ಡ್ ಮಾಡುತ್ತೇವೆ. ನಮ್ಮದೇ ನಾಲ್ಕು ಸಾಲು ಬರೆ ಎಂದರೆ ಮಾತ್ರ ಹೆದರುತ್ತೇವೆ.

ಓದುವವರು ಯಾರು ಅಂದಿರಿ ಅಲ್ವಾ? ಒಬ್ಬಳು ಮನೆಯಲ್ಲೇ ಕಾಯುತ್ತಿದ್ದಾಳೆ. ತಾರೀಖು ನೆನಪಿದ್ದರೆ ಹಾಕಿ. ಊರುಗಳ ಹೆಸರನ್ನಂತೂ ಬಿಡಬೇಡಿ. ಶೈಲಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಈ ಪತ್ರ ಬರೆದ ಹಾಗೇ ಬರೆಯಿರಿ. ನೈಟ್ ಹಾಲ್ಟ್‌ನ ಪುಟಗಳು ಮುಗಿದ ಮೇಲೆ ಒಂದು ಜೆರಾಕ್ಸ್ ನನಗೂ ಕಳಿಸಿ.

– ಸಂ.